ಪಾದ್ರಿಗೆ ಬಾಣಂತನ ಮಾಡಿದವಳು

ಇತಾಪೋರಾದ ಇಗರ್ಜಿಯಲ್ಲಿ ಬಲಗಡೆ ಗೋಡೆಯ ಮೇಲೆ ಒಂದು ಚಿತ್ರವಿದೆ. ಪಾದ್ರಿ ಲಿಯಾಂದ್ರೊ ಬಂಡೆಯ ಮೇಲೆ ನಿಂತಿದ್ದಾರೆ. ಕೈಯಲ್ಲಿ ಶಿಲುಬೆ, ತಲೆಯ ಸುತ್ತ ರೊಟ್ಟಿಯಗಲದ ಬೆಳಕಿನ ಬಳೆ. ಎದುರಿಗೆ ಕುದುರೆ ಸವಾರರು ಸಿಡಿಲು ಬಡಿದವರಂತೆ ಮಗುಚಿ ಬಿದ್ದಿದ್ದಾರೆ. ಬರೆದವನು ಕೊರ್ದೊಬಾದಿಂದ ಕರೆಸಿದ ಚಿತ್ರಗಾರ. ಅವನು ಬರುವ ಹೊತ್ತಿಗೆ ಪಾದ್ರಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದ್ದರಿಂದ ನಡೆದದ್ದೆಲ್ಲ ಅವನಿಗೆ ಬಹಳ ಸ್ಪಷ್ಟವಾಗಿ ಗೊತ್ತಿತ್ತು.

ಚಿತ್ರ ಗೋಡೆಗೇರಿದ ದಿನ ಬ್ರಿಗಿದಾ ಯಾರುಪಾ ಕೋಲೂರಿಕೊಂಡು ಬಂದು, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ಅವಳಿಗಾಗ ಎಂಬತ್ತು. ಅವಳ ಲೆಕ್ಕದಲ್ಲಿ ನೂರಾ ನಲವತ್ತು.

"ಇದರಲ್ಲಿ ಜೋಲಿ ಎಲ್ಲಪ್ಪಾ?"

"ಯಾವ ಜೋಲಿ ಅಜ್ಜಿ?"

"ಪಾಯಿ ಮಲಗಿದ್ರಲ್ಲ, ಆ ಜೋಲಿ. ನಲವತ್ತೊಂದು ದಿನ ಮಲಗಿದ್ರು. ನಾನೇ ಗಂಜಿ ಕುಡಿಸಿದ್ದು."

"ಸಂತರು ಮಲಗೋದಿಲ್ಲ ಅಜ್ಜಿ, ನಿಂತಿರ್ತಾರೆ."

"ಹೌದಾ? ಹಾಗಾದ್ರೆ ಇದು ಯಾರೋ ಬೇರೆಯವರು ಬಿಡು. ಕುದುರೆ ಮಾತ್ರ ಚೆನ್ನಾಗಿ ಬಂದಿವೆ" ಎಂದು ಹೊರಟುಹೋದಳು.

ಪಾದ್ರಿಗಳನ್ನು ನಾವೆಲ್ಲ ಪಾಯಿ ಎನ್ನುತ್ತೇವೆ. ಪಾಯಿ ಲಿಯಾಂದ್ರೊ ಸಂತರೋ ಅಲ್ಲವೋ ಎಂದು ರೋಮಿನವರು ಇನ್ನೂ ವಿಚಾರಣೆ ನಡೆಸುತ್ತಿದ್ದಾರಂತೆ. ನಮ್ಮೂರಿಗೆ ಅಷ್ಟು ಪುರುಸೊತ್ತಿಲ್ಲದ್ದರಿಂದ ನಾವೇ ಮಾಡಿಕೊಂಡೆವು. ಆದರೆ ಆ ಸಂತನ ಬಾಯಿಗೆ ನಾಲಗೆ ಇಟ್ಟವಳು ಬ್ರಿಗಿದಾ, ಮತ್ತು ಇಟ್ಟ ನಾಲಗೆ ಹೆಂಗಸಿನದು ಎಂಬ ಸಂಗತಿ ರೋಮಿಗೆ ಹೋದ ಕಾಗದಗಳಲ್ಲಿ ಎಲ್ಲೂ ಇಲ್ಲ.

ಬ್ರಿಗಿದಾಳ ಗಂಡನನ್ನು ಸಿಡುಬು ತೆಗೆದುಕೊಂಡಿತ್ತು. ಹಿರಿಯ ಇಬ್ಬರು ಗಂಡುಮಕ್ಕಳನ್ನು ಸ್ಪೇನಿನ ಧಣಿ ದೋನ್ ಇನ್ಯಿಗೊ ತೆಗೆದುಕೊಂಡಿದ್ದ. ಸಿಡುಬಿಗೆ ಮರ್ಯಾದೆ ಗೊತ್ತಿಲ್ಲ, ಹೇಳದೆ ಕೇಳದೆ ಬಂತು. ದೋನ್ ಮಾತ್ರ ಕಾಗದ ತೋರಿಸಿ ತೆಗೆದುಕೊಂಡ. ಸ್ಪೇನಿನ ರಾಜ ಇತಾಪೋರಾವನ್ನು ನೋಡಿರಲಿಲ್ಲ, ಇತಾಪೋರಾ ರಾಜನನ್ನು ನೋಡಿರಲಿಲ್ಲ. ಅಷ್ಟು ಗಾಢ ಪರಿಚಯದ ಮೇಲೆ ರಾಜ ನಮ್ಮ ಇಡೀ ಊರನ್ನು ದೋನನ ಕೈಗೆ ಒಪ್ಪಿಸಿದ್ದ. ದೋನ್ ನಮಗೆ ಧರ್ಮ ಕಲಿಸಬೇಕು, ನಾವು ದೋನನಿಗೆ ದುಡಿಯಬೇಕು ಎಂದು ಕರಾರು. ದೋನ್ ಧರ್ಮ ಕಲಿಸಿದ್ದು ಒಂದು ಸಲ, ಕುದುರೆಯಿಂದ ಇಳಿಯದೆ, ಗಾಳಿಯಲ್ಲಿ ಶಿಲುಬೆಯ ಗುರುತು ಗೀಚಿ. ಆ ಒಂದು ಗೀರಿಗೆ ನಮ್ಮವರು ಎರಡು ತಲೆಮಾರು ದುಡಿದರು.

ದುಡಿಮೆಯೆಂದರೆ ಯೆರ್ಬಾ ಸೊಪ್ಪು. ಅಸುನ್ಸಿಯೊನ್ ಪಟ್ಟಣದ ದೊಡ್ಡವರಿಗೆ ಬೆಳಿಗ್ಗೆ ಸೋರೆಬುರುಡೆಯಲ್ಲಿ ಆ ಸೊಪ್ಪಿನ ಬಿಸಿ ಕಷಾಯ ಇಳಿಯದಿದ್ದರೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವರು ಕಣ್ಣು ಬಿಡಲೆಂದು ನಮ್ಮವರು ಮರಾಕಾಯು ಬೆಟ್ಟದ ಕಾಡಿಗೆ ಹೋಗಿ ಸೊಪ್ಪು ಸವರಿ, ಬಾಡಿಸಿ, ತಮಗಿಂತ ಭಾರದ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಇಳಿಯಬೇಕು. ಇಳಿಯುವ ದಾರಿಯಲ್ಲಿ ಕಣ್ಣು ಮುಚ್ಚಬೇಕು. ಹಿರಿಯರಿಬ್ಬರನ್ನು ಕರೆದೊಯ್ಯುವಾಗ ಆರು ತಿಂಗಳು ಎಂದಿದ್ದರು. ಹನ್ನೊಂದು ವರ್ಷವಾದರೂ ಆ ಆರು ತಿಂಗಳು ಮುಗಿದಿರಲಿಲ್ಲ. ಕಾಡಿನಲ್ಲಿ ತಿಂಗಳು ಸ್ವಲ್ಪ ಉದ್ದ ಎಂದು ದೋನನ ಮೇಸ್ತ್ರಿ ಮೆಲ್ಚೋರ್ ವಿವರಿಸಿದ್ದ. ಅಂದಿನಿಂದ ಬ್ರಿಗಿದಾ ಯೆರ್ಬಾ ಮುಟ್ಟಲಿಲ್ಲ. ಯಾರಾದರೂ ಬುರುಡೆ ಚಾಚಿದರೆ, "ನನ್ನ ಮಕ್ಕಳ ಬೆನ್ನು ನೆನೆಹಾಕಿದ ನೀರು ನಂಗೆ ಸೇರಲ್ಲ" ಎನ್ನುತ್ತಿದ್ದಳು.

ಉಳಿದವನು ಕಿರಿಯ ಮಗ, ಪಿಂದೊ. ಮದುವೆಯಾಗಿ ಊರಂಚಿನ ಉದ್ದಮನೆಯಲ್ಲಿದ್ದ. ಆ ಒಂದೇ ಸೂರಿನ ಕೆಳಗೆ ಇಪ್ಪತ್ತು ಒಲೆಗಳು.

ಪಾದ್ರಿ ಲಿಯಾಂದ್ರೊ ಊರಿಗೆ ಬಂದಾಗ ಅವರ ಹತ್ತಿರ ನಮ್ಮ ಗ್ವಾರಾನಿ ಭಾಷೆಯ ಹನ್ನೊಂದು ಮಾತುಗಳಿದ್ದವು. ನಾಲ್ಕು ಮರದ ಹೆಸರು, ಆರು ಮೀನಿನ ಹೆಸರು, ಒಂದು ಹೊಲಸು ಬೈಗುಳ. ಆ ಬೈಗುಳ ದೇವರ ಹೆಸರೆಂದು ದೋಣಿಯವನೊಬ್ಬ ಹೇಳಿಕೊಟ್ಟಿದ್ದ. ಮೊದಲ ಭಾನುವಾರ ಪಾದ್ರಿ ಎರಡೂ ಕೈಯೆತ್ತಿ ಆ ದೇವರನ್ನು ಕರೆದಾಗ ಇಗರ್ಜಿಯಲ್ಲಿ ಎದ್ದ ನಗೆಗೆ ಹೊಳೆಯಾಚೆ ಕಾಡಿನ ಗಿಳಿಗಳೆಲ್ಲ ಹಾರಿ, ಆ ವರ್ಷ ನಮ್ಮ ಜೋಳಕ್ಕೆ ಗಿಳಿಕಾಟವೇ ಇರಲಿಲ್ಲ. ಪಾದ್ರಿಯ ಮೊದಲ ಪವಾಡ ಅದೇ.

ಅನಂತರ ಅವರು ಭಾಷೆ ಕಲಿಯಲು ಕುಳಿತರು. ಗಂಡಸರೆಲ್ಲ ಹಗಲು ಹೊಲದಲ್ಲಿ, ಹೊಳೆಯಲ್ಲಿ. ಮಾತಿಗೆ ಸಿಗುತ್ತಿದ್ದವಳು ಅವರ ಅಡುಗೆಯ ಬ್ರಿಗಿದಾ ಒಬ್ಬಳೇ. ಅವಳ ಬಾಯಿ ಪರಾನಾ ಹೊಳೆಯಂತೆ, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅವಳು ಮರಗೆಣಸು ಹೆರೆಯುತ್ತ, ನಾಯಿಯನ್ನು ಬೈಯುತ್ತ, ನೆರೆಯವಳನ್ನು ಹಳಿಯುತ್ತ ಆಡಿದ್ದನ್ನೆಲ್ಲ ಪಾದ್ರಿ ಭಕ್ತಿಯಿಂದ ಬರೆದುಕೊಂಡರು. ಎರಡು ವರ್ಷದಲ್ಲಿ ಅವರ ಗ್ವಾರಾನಿ ಹೊಳೆಯಂತೆ ಹರಿಯತೊಡಗಿತು. ಒಂದೇ ತೊಂದರೆಯೆಂದರೆ ಕಣ್ಣು ಮುಚ್ಚಿಕೊಂಡು ಕೇಳಿದರೆ ಹಲ್ಲುದುರಿದ ಅಜ್ಜಿಯೊಬ್ಬಳು ಜಗಲಿಯ ಮೇಲೆ ಕೂತು ಮಾತಾಡಿದಂತಿರುತ್ತಿತ್ತು.

ಅದರಲ್ಲೂ ಒಂದು ಮಾತು. ನಮ್ಮಲ್ಲಿ ಗಂಡಸು ಮಕ್ಕಳನ್ನು ಕರೆಯುವ ಮಾತು ಬೇರೆ, ಹೆಂಗಸು ಕರೆಯುವ ಮಾತು ಬೇರೆ. ಗಂಡಸು ಮಗನನ್ನು 'ರಾಯಿ' ಎನ್ನಬೇಕು. ಹೆಂಗಸು 'ಮೆಂಬಿ' ಎನ್ನುತ್ತಾಳೆ, ಅಂದರೆ ನನ್ನ ಹೊಟ್ಟೆಯಿಂದ ಬಂದದ್ದು ಎಂದು. ಬ್ರಿಗಿದಾ ಹಗಲೆಲ್ಲ ಮೆಂಬಿ ಮೆಂಬಿ ಎನ್ನುತ್ತಿದ್ದುದನ್ನು ಕೇಳಿದ್ದ ಪಾದ್ರಿ ಪ್ರತಿ ಭಾನುವಾರ ಪೀಠದ ಮುಂದೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಶುರುಮಾಡುತ್ತಿದ್ದರು: "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕಂದಮ್ಮಗಳಾ..."

ಮೂರು ವರ್ಷ ಯಾರೂ ತಿದ್ದಲಿಲ್ಲ. ಊರಿನಲ್ಲಿ ಯಾವ ಎರಡು ಮನೆಗಳಿಗೂ ಒಂದೇ ವಿಷಯದಲ್ಲಿ ಒಮ್ಮತವಿರಲಿಲ್ಲ. ಇದೊಂದರಲ್ಲಿ ಇಡೀ ಊರು ಕಟ್ಟುನಿಟ್ಟಾಗಿತ್ತು.

ಪಾದ್ರಿಗೆ ನಮ್ಮ ಒಂದು ಪದ್ಧತಿ ಕಂಡರೆ ಮೈ ಉರಿಯುತ್ತಿತ್ತು. ಹೆಂಡತಿ ಹೆತ್ತರೆ ನಮ್ಮಲ್ಲಿ ಬಾಣಂತನ ಗಂಡನಿಗೆ. ಅವಳು ಮರುದಿನವೇ ಹೊಲಕ್ಕೆ ಹೋಗುತ್ತಾಳೆ. ಅವನು ಜೋಲಿಯಲ್ಲಿ ಮಲಗಿ, ಉಪ್ಪಿಲ್ಲದ ಗಂಜಿ ಕುಡಿದು, ಕೊಡಲಿ ಬಿಲ್ಲು ಮುಟ್ಟದೆ, ಕೂಸಿನ ಹೊಕ್ಕುಳ ಬೀಳುವವರೆಗೆ ಪಥ್ಯದಲ್ಲಿರುತ್ತಾನೆ. ಹಸುಗೂಸಿನ ಜೀವ ಅಪ್ಪನ ಹಿಂದೆಯೇ ನಡೆಯುತ್ತದೆ. ಅವನು ಕಾಡಿಗೆ ಹೋದರೆ ಅದೂ ಹೋಗಿ ದಾರಿ ತಪ್ಪುತ್ತದೆ. ಪಥ್ಯ ಮುಗಿಯುವ ಮುಂಚೆ ಅವರನ್ನು ಅಗಲಿಸಿದವನ ಮನೆಯ ಕೂಸೂ ಉಳಿಯುವುದಿಲ್ಲ. ಪಾದ್ರಿಗೆ ಇದೆಲ್ಲ ಸೋಮಾರಿಗಳು ಹೊಸೆದ ಕಟ್ಟುಕಥೆಯಾಗಿ ಕಂಡಿತು. ಜೋಲಿ ಕಂಡಲ್ಲೆಲ್ಲ ನುಗ್ಗಿ, "ಎದ್ದೇಳೋ ಮುಂಡೇದೇ, ನಿನ್ ಬೆನ್ನಿಗೆ ಗೆದ್ದಲು ಹಿಡಿಯಾ!" ಎಂದು ಬ್ರಿಗಿದಾಳ ಮಾತಿನಲ್ಲೇ ಬೈದು ಎಬ್ಬಿಸುತ್ತಿದ್ದರು.

ಪಿಂದೊಗೆ ಚೊಚ್ಚಲ ಕೂಸು ಹುಟ್ಟಿದ ಮೂರನೆಯ ದಿನ ಅವನನ್ನೂ ಕಿವಿ ಹಿಡಿದು ಎಬ್ಬಿಸಿದರು. ಆರನೆಯ ದಿನ ಕೂಸಿಗೆ ಜ್ವರ ಬಂತು. ಎಂಟನೆಯ ದಿನ ಪಾದ್ರಿಯೇ ಅದನ್ನು ಮಣ್ಣು ಮಾಡಿದರು.

ಬ್ರಿಗಿದಾ ಬೈಯಲಿಲ್ಲ. ಒಂದು ತಿಂಗಳು ಗಂಜಿ ಇಟ್ಟಳು, ಬಟ್ಟಲು ತೆಗೆದಳು, ಒಂದು ಮಾತೂ ಆಡಲಿಲ್ಲ. ಹುಲಿಗೆ ಹೆದರದ ಪಾದ್ರಿ ಆ ತಿಂಗಳು ಅಡುಗೆಮನೆಯ ಬಾಗಿಲು ದಾಟಲು ಹೆದರುತ್ತಿದ್ದರು. ಅಂದಿನಿಂದ ಅವರು ಯಾರ ಜೋಲಿಗೂ ಕೈ ಹಾಕಲಿಲ್ಲ. ಪಿಂದೊ ಮಾತ್ರ, ಅವನ ಜೊತೆ ಉದ್ದಮನೆಯ ಗಂಡಸರೆಲ್ಲ, "ಆ ಮನುಷ್ಯನ ಕೈಯಿಂದ ಜ್ಞಾನಸ್ನಾನ ನಮಗೆ ಬೇಡ" ಎಂದುಬಿಟ್ಟರು.

ಪಾದ್ರಿ ಕಾಗದ ಬರೆಯುವುದಕ್ಕೆ ತೊಡಗಿದ್ದೂ ಆಗಲೇ. ಜನರನ್ನು ಯೆರ್ಬಾ ಕಾಡಿಗೆ ದೂಡುವುದು ರಾಜನ ಕಾನೂನಿಗೇ ವಿರುದ್ಧ ಎಂದು ಅಸುನ್ಸಿಯೊನ್‌ಗೆ ಹದಿನಾರು ಕಾಗದ ಬರೆದರು. ಕಾನೂನು ನಿಜಕ್ಕೂ ಇತ್ತು. ಅದರ ಒಂದು ಪ್ರತಿಯನ್ನು ನಮ್ಮ ಇಗರ್ಜಿಯ ಬಾಗಿಲಿಗೆ ಮೊಳೆ ಹೊಡೆದು ಹಾಕಿದ್ದರು. ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಗೆದ್ದಲು ಮಾತ್ರ.

ಹೀಗಿರಲು ಒಂದು ಶನಿವಾರ ಬೆಳಿಗ್ಗೆ ಮೆಲ್ಚೋರ್ ಹನ್ನೆರಡು ಸಿಪಾಯಿಗಳೊಡನೆ ಬಂದ. ಕುದುರೆ ನಾಲ್ಕು, ಕೋವಿ ಮೂರು, ಸಿಡಿಯುವ ಕೋವಿ ಒಂದು. ಕೈಯಲ್ಲಿ ಮೂವತ್ತು ಹೆಸರಿನ ಪಟ್ಟಿ. ಎಲ್ಲರೂ ಉದ್ದಮನೆಯವರು. ನಾಲ್ಕನೆಯ ಹೆಸರು ಪಿಂದೊ.

"ಇವರನ್ನ ಮುಟ್ಟಬೇಡ" ಎಂದು ಪಾದ್ರಿ ಅಡ್ಡ ನಿಂತರು.

"ಯಾಕೆ ಪಾಯಿ? ನಿಮ್ಮ ನೀರು ಬಿದ್ದವರು ನಿಮ್ಮವರು. ನೀರು ಬೀಳದವರು ದೋನನವರು. ನಿಮ್ಮವರಲ್ಲಿ ಒಬ್ಬನ್ನಾದ್ರೂ ಮುಟ್ಟಿದೀನಾ, ನೋಡಿ."

"ನಿನ್ ಬಾಯಿಗೆ ಬೂದಿ ಬೀಳಾ!"

ಮೆಲ್ಚೋರ್ ಕಕ್ಕಾಬಿಕ್ಕಿಯಾದ. ಅವನ ಅಪ್ಪ ಸ್ಪೇನಿನ ದಳಪತಿ, ತಾಯಿ ನಮ್ಮವಳು, ಗ್ವಾರಾನಿಯ ಹೆಂಗಸು. ಆ ಬೈಗುಳ ಅವನು ಕೊನೆಯದಾಗಿ ಕೇಳಿದ್ದು ತಾಯಿಯ ಬಾಯಲ್ಲಿ, ಬೆಲ್ಲ ಕದ್ದಾಗ. "ನಾಳೆ ಪೂಜೆ ಮುಗಿಸ್ಕೊಳ್ಳಿ. ಮಧ್ಯಾಹ್ನ ಹೊರಡ್ತೀವಿ. ಆರೇ ತಿಂಗಳು" ಎಂದು ಹೊಳೆದಂಡೆಗೆ ಹೋಗಿ ಬಿಡಾರ ಹೂಡಿದ.

ಆರೇ ತಿಂಗಳು ಎಂಬ ಮಾತು ಕಿವಿಗೆ ಬಿದ್ದದ್ದೇ ಬ್ರಿಗಿದಾ ಮರಗೆಣಸು ಹೆರೆಯುವ ಚಿಪ್ಪನ್ನು ಕೆಳಗಿಟ್ಟಳು. ಇದ್ದವನು ಒಬ್ಬ, ಅವನೂ ಹೊರಟ. ಎದ್ದು ಪಾದ್ರಿಯ ಮುಂದೆ ನಿಂತಳು. ಪಾದ್ರಿ ಹದಿನೇಳನೆಯ ಕಾಗದ ಬರೆಯುತ್ತಿದ್ದರು.

"ಪಾಯಿ, ಅದು ಮುಟ್ಟೋ ಹೊತ್ತಿಗೆ ನನ್ನ ಮಗನ ಮೂಳೆ ಮೇಲೆ ಮರ ಬೆಳೆದಿರುತ್ತೆ. ಲೇಖನಿ ಇಡಿ. ಒಂದು ಕೇಳ್ತೀನಿ. ಜ್ಞಾನಸ್ನಾನ ಅಂದ್ರೆ ಏನು?"

"ಹೊಸ ಹುಟ್ಟು. ಸಾವಿರ ಸಲ ಹೇಳಿದೀನಲ್ಲೇ ತಾಯಿ."

"ಹುಟ್ಟಿಸೋರು ಯಾರು?"

"ದೇವರು... ನನ್ನ ಕೈಯಿಂದ."

"ಕೈಯಿಂದಾನೋ, ಹೊಟ್ಟೆಯಿಂದಾನೋ? ಭಾನುವಾರ ಭಾನುವಾರ ನೀವೇ ಹೇಳ್ತೀರಲ್ಲ, ನನ್ನ ಹೊಟ್ಟೇಲಿ ಹುಟ್ಟಿದವರೇ ಅಂತ."

"ನಾನು ಹಾಗೆಲ್ಲಿ ಹೇಳ್ತೀನಿ?"

ಬ್ರಿಗಿದಾ ಹೇಳಿದಳು. ರಾಯಿ ಎಂದರೇನು, ಮೆಂಬಿ ಎಂದರೇನು ಎಂದು ಹೊಟ್ಟೆ ಮುಟ್ಟಿ ತೋರಿಸಿ ಹೇಳಿದಳು. ಪಾದ್ರಿಯ ಮುಖ ಕೆಂಪಾಯಿತು, ಬಿಳಿಯಾಯಿತು, ಆಮೇಲೆ ಹೆಸರಿಲ್ಲದ ಒಂದು ಬಣ್ಣಕ್ಕೆ ಬಂದು ನಿಂತಿತು.

"ಮೂರು ವರ್ಷ! ಒಬ್ಬರಿಗೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಇನ್ನೇನಿದೆ ಪಾಯಿ ಈ ಊರಲ್ಲಿ ನಗೋಕೆ? ಅದಿರಲಿ. ನಾಳೆ ಬೆಳಿಗ್ಗೆ ಮೂವತ್ತು ಜನಕ್ಕೂ ನೀರು ಹಾಕಿ. ಹಾಕಿ ಜೋಲೀಲಿ ಮಲಗಿ. ಹೆತ್ತವರು ಪಥ್ಯದಲ್ಲಿರೋವಾಗ ಕೂಸನ್ನ ಮನೆಯಿಂದ ಆಚೆ ತೆಗೆಯೋ ಗಂಡಸು ಈ ಸೀಮೇಲಿ ಹುಟ್ಟಿಲ್ಲ. ಮೆಲ್ಚೋರಂತೂ ಅಲ್ಲ. ಅವನ ಅವ್ವ ನಂಗೊತ್ತು."

"ಅದು ಮೂಢಾಚಾರ. ಹೇಗೆ ಮಲಗಲಿ? ನಮ್ಮ ಹಿರಿಯ ಪಾದ್ರಿಗಳಿಗೆ ಗೊತ್ತಾದ್ರೆ ನನ್ನ ವಾಪಸ್ ಕರೆಸ್ತಾರೆ."

"ಕರೆಸ್ಲಿ. ಅಲ್ಲಿಗೆ ದೋಣಿ ಇದೆ, ವಾಪಸ್ ಬರೋಕೂ ಇದೆ. ಮರಾಕಾಯುಗೆ ಹೋಗೋ ದಾರಿ ಒಂದೇ ಕಡೆಯದು."

ಪಾದ್ರಿ ಲೇಖನಿ ಇಟ್ಟು ಅವಳ ಹಿಂದೆಯೇ ಉದ್ದಮನೆಗೆ ಹೋದರು. ಅವಳ ಉಪಾಯವನ್ನು ಗಂಡಸರೆಲ್ಲ ಕೇಳಿಸಿಕೊಂಡರು. ಪಿಂದೊ ಎದ್ದು ನಿಂತ. ಎರಡು ವರ್ಷದ ಮೇಲೆ ಮೊದಲ ಬಾರಿಗೆ ಪಾದ್ರಿಯ ಕಣ್ಣಿಗೆ ಕಣ್ಣಿಟ್ಟು ನೋಡಿದ.

"ಅವತ್ತು ನನ್ನ ಎಬ್ಬಿಸಿದ್ರಿ ಪಾಯಿ."

"ಎಬ್ಬಿಸಿದೆ."

"ಈಗ ನೀವು ಮಲಗ್ತೀರಾ? ಹೊಕ್ಕುಳ ಬೀಳೋ ತನಕ, ಏಳದೆ?"

"ಮಲಗ್ತೀನಿ ಕಣಪ್ಪ" ಎಂದರು ಪಾದ್ರಿ.

"ಹಾಗಾದ್ರೆ ಸುರೀರಿ ನೀರು" ಎಂದ ಪಿಂದೊ.

ಭಾನುವಾರ ಬೆಳಿಗ್ಗೆ ಮೂವತ್ತು ತಲೆಗೆ ನೀರು ಬಿತ್ತು. ಪಿಂದೊಗೆ ಕ್ರಿಸಾಂತೊ ಎಂದು ಹೆಸರಾಯಿತು. ಆ ಹೆಸರಿನಿಂದ ಅವನನ್ನು ಅದಾದ ಮೇಲೆ ಯಾರೂ ಕರೆದದ್ದಿಲ್ಲ, ಆದರೆ ಹೆಸರು ಒಳ್ಳೆಯದೇ. ಮಧ್ಯಾಹ್ನ ಮೆಲ್ಚೋರ್ ಬಂದಾಗ ಇಗರ್ಜಿಯ ಜಗಲಿಯ ಎರಡು ಕಂಬಗಳ ನಡುವೆ ಜೋಲಿ ಕಟ್ಟಿತ್ತು. ಒಳಗೆ ಪಾದ್ರಿ ಅಂಗಾತ ಮಲಗಿದ್ದರು. ಅವರ ಸುತ್ತ ಮೂವತ್ತು ಕೂಸುಗಳು ನೆಲದ ಮೇಲೆ ಕೂತಿದ್ದವು. ಅವುಗಳಲ್ಲಿ ಏಳಕ್ಕೆ ತಲೆ ನರೆತಿತ್ತು, ಒಂದಕ್ಕೆ ಮೊಮ್ಮಕ್ಕಳಿದ್ದರು.

"ಏನಿದು?"

"ಮೆಲ್ಲಗೆ ಮಾತಾಡಪ್ಪ" ಎಂದಳು ಬ್ರಿಗಿದಾ, ಗಂಜಿ ಬಟ್ಟಲು ಹಿಡಿದು. "ಹಸಿ ಮೈ. ಒಂದೇ ಬೆಳಿಗ್ಗೆ ಮೂವತ್ತು ಹೆತ್ತಿದಾರೆ."

ಸಿಪಾಯಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಉಳಿದವರು ನಗಲಿಲ್ಲ. ಅವರೆಲ್ಲರ ತಾಯಂದಿರೂ ನಮ್ಮವರೇ. ನಕ್ಕವನು ಒಬ್ಬನೇ ಸ್ಪೇನಿನಿಂದ ಬಂದವನು.

ಮೆಲ್ಚೋರ್ ಪಟ್ಟಿ ಬಿಚ್ಚಿದ. "ಪಿಂದೊ!"

"ಪಿಂದೊ ಬೆಳಿಗ್ಗೆ ನೀರಲ್ಲಿ ತೀರಿಕೊಂಡ. ಇದು ಕ್ರಿಸಾಂತೊ. ಹುಟ್ಟಿ ನಾಲ್ಕು ಗಳಿಗೆ ಆಯ್ತು, ನೋಡು, ಅಪ್ಪನ ಹಾಗೇ ಇದೆ."

"ಅಜ್ಜಿ, ನಂಗೆ ಹುಚ್ಚು ಹಿಡಿಸ್ಬೇಡ. ಇವನಿಗೆ ಮೀಸೆ ಇದೆ!"

"ಕೆಲವಕ್ಕೆ ಹುಟ್ಟುವಾಗಲೇ ಕೂದಲಿರುತ್ತಪ್ಪ."

ಮೆಲ್ಚೋರ್ ಮುಂದೆ ಬಂದು ಪಿಂದೊನ ರಟ್ಟೆ ಹಿಡಿದ. ಜೋಲಿಯಲ್ಲಿದ್ದ ಪಾದ್ರಿ ತಲೆಯೆತ್ತಲಿಲ್ಲ. ಏಳಬಾರದೆಂದು ಬ್ರಿಗಿದಾ ಆಣೆ ಹಾಕಿಸಿಕೊಂಡಿದ್ದಳು. ಮಲಗಿದಲ್ಲಿಂದಲೇ ಅವರು, ನೋವು ತಿನ್ನುವ ಹೆಂಗಸಿನ ದನಿಯಲ್ಲಿ, "ಬಿಡೋ, ನನ್ನ ಮೆಂಬಿ ಅದು" ಎಂದರು.

ಮೂರು ವರ್ಷ ನಕ್ಕಿದ್ದ ಊರು ಅಲ್ಲಿ ನಿಂತಿತ್ತು. ಒಂದು ಹಲ್ಲೂ ಕಾಣಲಿಲ್ಲ.

ಬ್ರಿಗಿದಾ ಮೆಲ್ಚೋರನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಆಚೆ ದಡಕ್ಕೆ ಮಾತ್ರ ಕೇಳಿಸುತ್ತದೆ. "ಮಗಾ, ನಿನ್ನ ಕಡೇ ಕೂಸು ಹುಟ್ಟಿದಾಗ ಕೀಲುನೋವು ಅಂತ ದೋನನಿಗೆ ಹೇಳಿ ಎಂಟು ದಿನ ಕದ ಹಾಕ್ಕೊಂಡಿದ್ಯಲ್ಲ. ನೋವು ಯಾವ ಕೀಲಿಗಪ್ಪ? ಕದದ ಕೀಲಿಗಾ?"

ಮೆಲ್ಚೋರನ ಕೈ ತಾನಾಗಿ ಸಡಿಲವಾಯಿತು. ಹಿಂದೆ ತಿರುಗಿ ನೋಡಿದ. ಹನ್ನೊಂದು ಸಿಪಾಯಿಗಳು ಆಗಲೇ ಜಗಲಿಯಿಂದ ಇಳಿದು, ಆಕಾಶದಲ್ಲಿ ಮೋಡವಿದೆಯೇ ಎಂದು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

"ಎಷ್ಟು ದಿನ?" ಎಂದ ಮೆಲ್ಚೋರ್.

"ಹೊಕ್ಕುಳ ಬೀಳೋ ತನಕ."

"ಯಾರದ್ದು?"

"ಮೂವತ್ತೂ ಜನದ್ದು. ದೊಡ್ಡ ಕೂಸುಗಳು ನೋಡು, ನಿಧಾನ ಆಗುತ್ತೆ."

"ಆಗ್ಲಿ. ಒಬ್ಬ ಸಿಪಾಯೀನ ಇಲ್ಲಿ ಬಿಟ್ಟು ಹೋಗ್ತೀನಿ. ಪಾಯಿ ಒಂದು ಸಲ ಎದ್ದು ನಡೆದದ್ದು ಕಂಡ್ರೆ ಸಾಕು, ಅವತ್ತೇ ಬಂದು ಎಲ್ಲರನ್ನೂ ಒಯ್ತೀನಿ. ಪಥ್ಯ ಅಂದ್ರೆ ಪಥ್ಯ."

ಬಿಟ್ಟು ಹೋದದ್ದು ಆ ನಕ್ಕವನನ್ನೇ.

ಹಾಗಾಗಿ ಆಟಕ್ಕೆಂದು ಮಲಗಿದ ಪಾದ್ರಿ ನಿಜವಾಗಿ ಮಲಗಬೇಕಾಯಿತು. ಸ್ಪೇನಿನವನು ಎದುರಿನ ಮರದ ಕೆಳಗೆ ಕೂತು ಕಣ್ಣು ಮಿಟುಕಿಸದೆ ಕಾದ. ಉಪ್ಪಿಲ್ಲದ ಮರಗೆಣಸಿನ ಗಂಜಿ ಮೂರು ಹೊತ್ತು. ಪೂಜೆ, ಪಾಪನಿವೇದನೆ, ಎರಡು ಮದುವೆ, ಒಂದು ಜಗಳದ ಪಂಚಾಯಿತಿ ಎಲ್ಲ ಜೋಲಿಯಲ್ಲೇ ನಡೆದವು. ಜನ ತೂಗಿ ಹೋಗುತ್ತಿದ್ದರು. ಹತ್ತನೆಯ ದಿನಕ್ಕೆ ಪಾದ್ರಿ, "ಒಂದು ಹರಳು ಉಪ್ಪು ಹಾಕೇ ತಾಯಿ, ನಿನ್ ಕಾಲಿಗೆ ಬೀಳ್ತೀನಿ" ಎಂದರು.

"ಬೀಳೋಕೆ ಏಳ್ಬೇಕಾಗುತ್ತೆ. ಸುಮ್ನಿರಿ" ಎಂದಳು ಬ್ರಿಗಿದಾ.

ಇಪ್ಪತ್ತನೆಯ ದಿನಕ್ಕೆ ಅವರ ಬೆನ್ನಿನ ಮೇಲೆ ಜೋಲಿಯ ಬಲೆ ಅಚ್ಚೊತ್ತಿತು. ಸತ್ತಾಗ ಮೈ ತೊಳೆದವರು ಹೇಳುವಂತೆ, ಆ ಬಲೆಯಲ್ಲಿ ಮೀನು ಹಿಡಿಯಬಹುದಿತ್ತು. ಮೂವತ್ತನೆಯ ದಿನ ಸಣ್ಣ ಜ್ವರ ಹಿಡಿಯಿತು. ಮಧ್ಯಾಹ್ನ ಬಾಯಾರಿ ಬಡಬಡಿಸುತ್ತ ಕಾಲು ಕೆಳಗಿಡಲು ಹೋದರು. ಮರದ ಕೆಳಗಿನ ಸಿಪಾಯಿ ಎದ್ದು ನಿಂತ. ಅಷ್ಟರಲ್ಲಿ ಪಿಂದೊ ಓಡಿಬಂದು ಅವರ ಕಾಲನ್ನು ಮೆಲ್ಲಗೆ ಎತ್ತಿ ಒಳಗಿಟ್ಟು, ಬಟ್ಟಲನ್ನು ಬಾಯಿಗೆ ಹಿಡಿದ. ಅವರು ಕುಡಿದರು. ಬ್ರಿಗಿದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು; ಹೊಗೆಯಿಲ್ಲದ ಒಲೆಯ ಹೊಗೆಗೆ ಅವಳ ಕಣ್ಣಲ್ಲಿ ನೀರು ಬಂತು.

ನಲವತ್ತೊಂದನೆಯ ದಿನ ಪರಾನಾ ಉಕ್ಕಿ ಹರಿಯಿತು. ಯೆರ್ಬಾ ಕಾಡಿನ ದಾರಿ ಆ ವರ್ಷದ ಮಟ್ಟಿಗೆ ಮುಚ್ಚಿತು. ಬ್ರಿಗಿದಾ ಬಂದು, "ಏಳಿ ಪಾಯಿ, ಎಲ್ಲರ ಹೊಕ್ಕುಳಾನೂ ಬಿತ್ತು" ಎಂದಳು. ಅತ್ತ ಮೆಲ್ಚೋರ್, ಇತಾಪೋರಾದಲ್ಲಿ ಸಿಡುಬು ಎದ್ದಿದೆ ಎಂದು ದೋನನಿಗೆ ಹೇಳಿಕಳಿಸಿದ್ದನಂತೆ. ದೋನನ ಧರ್ಮಪ್ರೀತಿ ಅಲ್ಲಿಗೆ ತಣ್ಣಗಾಯಿತು. ಮುಂದಿನ ವರ್ಷ ಹೊಸ ನ್ಯಾಯಾಧೀಶನೊಬ್ಬ ಆ ಹದಿನೇಳನೆಯ ಕಾಗದವನ್ನು ಓದಿ, ನಮ್ಮೂರವರನ್ನು ಕಾಡಿಗೆ ಒಯ್ಯಕೂಡದೆಂದು ಗಾಬರಿಯಿಂದ ಹುಕುಂ ಹೊರಡಿಸಿದ. ಮೊದಲ ಹದಿನಾರು ಎಲ್ಲಿ ಹೋದವೆಂದು ನಮ್ಮೂರ ಗೆದ್ದಲಿಗೂ ಗೊತ್ತಿಲ್ಲ. ಹೋದ ಇಬ್ಬರು ಹಿರಿಯ ಮಕ್ಕಳಿಗೆ ಆ ಹುಕುಮಿನಿಂದ ಏನೂ ಆಗಲಿಲ್ಲ. ಅವರ ಆರು ತಿಂಗಳು ಇನ್ನೂ ನಡೆಯುತ್ತಿದೆ.

ಮಾರನೆಯ ವರ್ಷ ಪಿಂದೊನ ಹೆಂಡತಿ ಮತ್ತೆ ಹೆತ್ತಳು. ಪಿಂದೊ ಜೋಲಿಯಲ್ಲಿ ಮಲಗಿದ. ಮೂರನೆಯ ದಿನ ಪಾದ್ರಿ ಉದ್ದಮನೆಯ ಕಡೆ ಬರುವುದು ಕಂಡು ಎಲ್ಲರೂ ಉಸಿರು ಬಿಗಿಹಿಡಿದರು. ಪಾದ್ರಿ ಸೆರಗಿನಂತೆ ಮುಚ್ಚಿಕೊಂಡಿದ್ದ ಬಟ್ಟೆಯ ಕೆಳಗಿಂದ ಗಂಜಿ ಬಟ್ಟಲು ತೆಗೆದರು. ಆ ವರ್ಷ ತಪಾಸಣೆಗೆ ಬಂದ ಅವರ ಹಿರಿಯರು ಈ ಮೂಢಾಚಾರದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದಾಗ, ಪಾದ್ರಿ ಯೋಚಿಸಿ, "ಉಪ್ಪಿಲ್ಲದ್ದು ಕಷ್ಟ" ಎಂದಷ್ಟೇ ಹೇಳಿದರಂತೆ.

ಆದರೆ ಬ್ರಿಗಿದಾ ಸಾಯುವವರೆಗೂ ಗೊಣಗುತ್ತಿದ್ದುದು ಬೇರೆಯೇ ವಿಷಯಕ್ಕೆ. ಜೋಲಿಯಿಂದೆದ್ದ ಮೊದಲ ಭಾನುವಾರ ಇಗರ್ಜಿ ಕಿಕ್ಕಿರಿದಿತ್ತು. ಪಾದ್ರಿಗೆ ಈಗ ಎರಡೂ ಮಾತು ಗೊತ್ತು, ಯಾವುದನ್ನು ಆಡುತ್ತಾರೆಂದು ಎಲ್ಲರಿಗೂ ಕುತೂಹಲ. ಅವರು ಬೆನ್ನು ನೀವಿಕೊಳ್ಳುತ್ತ ಪೀಠದ ಮುಂದೆ ನಿಂತರು. ರಾಯಿ ಎನ್ನಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ, "ನನ್ನ ಮೆಂಬಿಗಳಾ" ಎಂದರು.

ಯಾರೂ ನಗಲಿಲ್ಲ. ಪಿಂದೊನಂತೂ ತಲೆ ತಗ್ಗಿಸಿ, "ಹ್ಞೂಂ" ಎಂದ.

"ನೋಡಿದ್ರಾ" ಎಂದು ಬ್ರಿಗಿದಾ ಪಕ್ಕದವಳ ಪಕ್ಕೆ ತಿವಿದಳು, "ವಾರಕ್ಕೊಂದು ನಗು ಇತ್ತು. ಅದನ್ನೂ ನಾನೇ ಕೈಯಾರೆ ಹಾಳುಮಾಡ್ಕೊಂಡೆ."